ಬಿ.ಎ. ವಿದ್ಯಾರ್ಥಿಯ ಸಂಶೋಧನೆಗೆ ಹಣ: ಧಾರವಾಡ, ಗದಗ, ಹಾವೇರಿ ಭಾಗಕ್ಕೊಂದು ಸಮಗ್ರ ಮಾರ್ಗದರ್ಶಿ

ಬಿ.ಎಸ್‌ಸಿ ಓದುವವರಿಗೆ ಕೇಂದ್ರ ಸರಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ಸಿಕ್ಕವರಿಗೆ ವರ್ಷಕ್ಕೆ 80,000 ರೂ., ಅದರಲ್ಲಿ 20,000 ರೂ. ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆಂದೇ ಮೀಸಲು. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಹಣ ಕೊಡುತ್ತ ಬಂದಿದೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ಸಂಗೀತ ಓದುವ ಬಿ.ಎ. ವಿದ್ಯಾರ್ಥಿಗೆ ಇಂಥದೇ ಯೋಜನೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಸಮಾಜವಿಜ್ಞಾನ ಮತ್ತು ಇತಿಹಾಸ ಸಂಶೋಧನೆಯ ರಾಷ್ಟ್ರೀಯ ಮಂಡಳಿಗಳ, ಅಂದರೆ ಐಸಿಎಸ್‌ಎಸ್‌ಆರ್ ಮತ್ತು ಐಸಿಎಚ್‌ಆರ್ ಫೆಲೋಶಿಪ್‌ಗಳು ಪಿಎಚ್.ಡಿ. ಮಾಡುವವರಿಗೆ ಮತ್ತು ಅದರಾಚೆಗಿನವರಿಗೆ. ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಕಲಾವಿದರಿಗೆ ತಿಂಗಳಿಗೆ 5,000 ರೂ.ನಂತೆ ಎರಡು ವರ್ಷ ಕೊಡುವ ವೇತನ ಗುರುವಿನ ಬಳಿ ಹಾಡು, ವಾದ್ಯ, ನೃತ್ಯ ಕಲಿಯುವುದಕ್ಕೆ; ಸಂಶೋಧನೆಗಲ್ಲ. ಸೈನ್ಸ್ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಹೆಸರಿಗೆ ತಕ್ಕಂತೆ ವಿಜ್ಞಾನದವರಿಗೆ. ಇವುಗಳ ಅರ್ಜಿ ತುಂಬುತ್ತ ಒಂದು ಸೆಮಿಸ್ಟರ್ ಕಳೆದುಕೊಳ್ಳಬೇಡಿ.

ಹಾಗಂತ ಹಣವೇ ಇಲ್ಲ ಎಂದಲ್ಲ. ಇರುವ ಹಣಕ್ಕೆ "ಬಿ.ಎ. ಸಂಶೋಧನೆ" ಎಂಬ ಹೆಸರಿಲ್ಲ, ಅಷ್ಟೇ. ಕಾಲೇಜು ಅಭಿವೃದ್ಧಿ ಸಮಿತಿ, ವಿಶ್ವವಿದ್ಯಾಲಯದ ಅಧ್ಯಯನ ಪೀಠ, ದತ್ತಿ ನಿಧಿ, ಪರಿಶಿಷ್ಟರ ಘಟಕ, ಹಳೆ ವಿದ್ಯಾರ್ಥಿಗಳ ಸಂಘ ಹೀಗೆ ಬೇರೆ ಬೇರೆ ತಲೆಬರಹದಡಿ ಅದು ಕೂತಿರುತ್ತದೆ. ಅಲ್ಲಿಂದ ಅದನ್ನು ಹೊರಡಿಸಬೇಕಾದರೆ ಪ್ರಶ್ನೆ ಸಣ್ಣದಿರಬೇಕು, ಮೊತ್ತ ಸಣ್ಣದಿರಬೇಕು, ಒಂದೊಂದು ರೂಪಾಯಿಯೂ ಪ್ರಶ್ನೆಯ ಯಾವುದೋ ಒಂದು ತುಂಡಿಗೆ ಅಂಟಿರಬೇಕು. ಒಬ್ಬ ವಿದ್ಯಾರ್ಥಿಗೆ 8,000ದಿಂದ 15,000 ರೂ., ಮೂವರ ತಂಡಕ್ಕೆ 25,000 ರೂ. ಒಳಗೆ ಕೇಳುವುದು ಈ ಭಾಗದ ಕಾಲೇಜುಗಳಿಗೆ ಸರಿಹೊಂದುವ ಅಂದಾಜು. ಐವತ್ತು ಸಾವಿರ ಕೇಳಿದ ಕಡತ ಮೇಲಿನ ಸಮಿತಿಗೆ ಹೋಗುತ್ತದೆ; ಹತ್ತು ಸಾವಿರದ ಕಡತವನ್ನು ಪ್ರಾಂಶುಪಾಲರ ಮೇಜಿನ ಮೇಲೇ ಮುಗಿಸಲು ಬರುತ್ತದೆ.

ಪ್ರಶ್ನೆ ಕಟ್ಟುವುದು

"ಉತ್ತರ ಕರ್ನಾಟಕದ ಜಾನಪದ: ಒಂದು ಅಧ್ಯಯನ" ಎಂಬ ವಿಷಯಕ್ಕೆ ಯಾರೂ ಹಣ ಕೊಡಲಾರರು, ಕೊಡಬಾರದು ಕೂಡ. ಎಷ್ಟು ಊರು, ಎಷ್ಟು ಜನ, ಎಷ್ಟು ದಿನ ಎಂಬುದು ಅದರಲ್ಲಿ ಕಾಣುವುದಿಲ್ಲ. ಇದನ್ನು ನೋಡಿ: "ಬೆಟಗೇರಿಯ ಕೈಮಗ್ಗದ ನೇಕಾರರಲ್ಲಿ ಮಗ್ಗದ ಭಾಗಗಳ ಮತ್ತು ಕೆಲಸಗಳ ಹೆಸರುಗಳು: 60 ದಾಟಿದವರು ಬಳಸುವ ಪದಗಳಲ್ಲಿ ಮುಂದಿನ ತಲೆಮಾರಿನವರಿಗೆ ಎಷ್ಟು ಗೊತ್ತು?" ಊರು ಒಂದು, ಜನ ಆರು, ಹೋಗಿಬರುವುದು ಎಂಟು ಸಲ. ಲಾಳಿ, ಕಂಡಿಕೆ, ಹಾಸು, ಹೊಕ್ಕು ಎಂದು ಶುರುವಾಗುವ ಪಟ್ಟಿ ನೂರು ದಾಟಬಹುದು, ಆದರೆ ಅದಕ್ಕೊಂದು ಕೊನೆ ಇದೆ. ಖರ್ಚು ತಾನಾಗಿ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಹತ್ತು ದಿನದ ಕ್ಷೇತ್ರಕಾರ್ಯ, ಹತ್ತು ಜನರ ಮಾತು, ಎರಡು ಸ್ಥಳ ಸಾಲದು ಎಂದರೆ ಅದು ಪಿಎಚ್.ಡಿ. ವಿಷಯ, ಕತ್ತರಿಸಿ. ಈ ಭಾಗದಲ್ಲಿ ಸಣ್ಣ ಅಳತೆಗೆ ಒಗ್ಗುವ ವಿಷಯಗಳಿಗೆ ಬರವಿಲ್ಲ. ಭೌಗೋಳಿಕ ಸೂಚಿಕೆ ಪಡೆದಿರುವ ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳ ವಿನ್ಯಾಸಗಳ ಹೆಸರು. ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಹಳೆ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರ ಕೆಲಸದ ನೆನಪು. ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರ ದಿನಚರಿ. 1905ರಲ್ಲಿ ಕೃಷಿ ಸಹಕಾರ ಸಂಘ ಆರಂಭವಾದ ಕಣಗಿನಹಾಳದಲ್ಲಿ ಆ ಸಂಘದ ಬಗ್ಗೆ ಊರವರು ಹೇಳುವ ಮಾತು. ಮೊಹರಮ್ಮಿನ ರಿವಾಯತ ಪದ ಹಾಡುವ ಒಂದು ಮೇಳದ ಹಾಡುಗಳು. ಶಿಗ್ಗಾವಿ ತಾಲೂಕಿನ ಒಂದೇ ಊರಿನಲ್ಲಿ ಶರೀಫರ ತತ್ವಪದಗಳು ಯಾವ ಯಾವ ಧಾಟಿಯಲ್ಲಿ ಹಾಡಾಗಿವೆ ಎಂಬುದು.

ಇತಿಹಾಸದ ವಿಷಯವಾದರೆ, ಖರ್ಚಿನ ಅಂದಾಜಿಗೆ ಮೊದಲು ಕಾಗದಪತ್ರ ಎಲ್ಲಿದೆ ಎಂದು ತಿಳಿಯಲೇಬೇಕು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ದಾಖಲೆ ಧಾರವಾಡದ ಹೆಸರಿನಲ್ಲಿದೆ. 1956ಕ್ಕೂ ಮೊದಲಿನದು ಮುಂಬೈ ಪ್ರಾಂತ್ಯದ ಆಡಳಿತ. ಹಿಂದೆ ಹೋದಷ್ಟೂ ಮರಾಠಿ ಮತ್ತು ಅದರ ಹಳೆ ಕೂಡುಬರಹವಾದ ಮೋಡಿ ಲಿಪಿ ಎದುರಾಗುತ್ತವೆ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಹಾಗಾಗಿ ಕುಂದಗೋಳದ ಹಳೆ ಕಂದಾಯದ ಬಗ್ಗೆ ಬರೆಯುತ್ತೇನೆಂದು ಧಾರವಾಡದ ಬಸ್ ಖರ್ಚು ಮಾತ್ರ ತೋರಿಸಿದರೆ, ತಿಳಿದವರು ಓದಿದ ಕೂಡಲೇ ತಯಾರಿ ಇಲ್ಲವೆಂದು ಗುರುತಿಸುತ್ತಾರೆ. ಶಾಸನದ ಕೆಲಸಕ್ಕೆ ಲಕ್ಕುಂಡಿಗೋ ಗಳಗನಾಥಕ್ಕೋ ಹೊರಡುವವರು ಆ ಶಾಸನ ಅಚ್ಚಾಗಿದೆಯೇ ಎಂದು ಮೊದಲು ನೋಡಲಿ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳು ಮುಂಬೈ ಕರ್ನಾಟಕದ ಶಾಸನಗಳಿಗೇ ಮೀಸಲು. 1939ರಲ್ಲಿ ಆರಂಭವಾಗಿ ಈಗ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿರುವ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನೂ ನೋಡಬೇಕು. ಅಚ್ಚಾದ ಶಾಸನವನ್ನು "ಹೊಸದಾಗಿ ಪ್ರತಿ ಮಾಡಿಕೊಳ್ಳಲು" ಹಣ ಕೇಳಿದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ.

ಹಣ ಎಲ್ಲೆಲ್ಲಿದೆ

ಮನೆಯಿಂದಲೇ ಶುರು ಮಾಡಿ. ಹೆಚ್ಚಿನ ಕಾಲೇಜುಗಳಲ್ಲಿ ಐಕ್ಯೂಎಸಿ ಎಂಬ ಗುಣಮಟ್ಟ ಭರವಸೆ ಕೋಶವಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಮಾಪನಕ್ಕೆ ಕಾಲೇಜು ಪ್ರತಿವರ್ಷ ಕಳಿಸಬೇಕಾದ ಎಕ್ಯೂಎಆರ್ ವರದಿಯಲ್ಲಿ ಪ್ರಾಜೆಕ್ಟ್ ಮತ್ತು ಕ್ಷೇತ್ರಕಾರ್ಯ ಮಾಡಿದ ವಿದ್ಯಾರ್ಥಿಗಳ ಸಂಖ್ಯೆಯನ್ನು ದಾಖಲೆ ಸಮೇತ ತೋರಿಸಬೇಕು. ಇದು ನಿಮ್ಮ ಕೈಲಿರುವ ದೊಡ್ಡ ಬಲ. ಆ ವರದಿ ಸಾಮಾನ್ಯವಾಗಿ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ತೆಗೆದು ಮೊದಲನೇ ಮಾನದಂಡ, ಅಂದರೆ ಪಠ್ಯಕ್ರಮಕ್ಕೆ ಸಂಬಂಧಿಸಿದ ಭಾಗ ಓದಿ. ಕಲಾ ವಿಭಾಗದ ಸಾಲು ಖಾಲಿ ಇದ್ದರೆ ಐಕ್ಯೂಎಸಿ ಸಂಯೋಜಕರಿಗೆ ನಿಮ್ಮ ಪ್ರಾಜೆಕ್ಟ್ ಬೇಕಾಗಿದೆ ಎಂದೇ ಅರ್ಥ. ಅವರನ್ನು ಕಂಡು ಮಾತಾಡಿದ ಮೇಲೆ ಅರ್ಜಿ ಬರೆಯಿರಿ.

ಸರಕಾರಿ ಪ್ರಥಮ ದರ್ಜೆ ಕಾಲೇಜಾದರೆ ಕಾಲೇಜು ಅಭಿವೃದ್ಧಿ ಸಮಿತಿಯ ನಿಧಿ ಇದೆ. ಅದರ ಅಧ್ಯಕ್ಷರು ಸ್ಥಳೀಯ ಶಾಸಕರು. ಸಮಿತಿಯ ಸಭೆ ಯಾವಾಗ ಎಂದು ಕಚೇರಿಯಲ್ಲಿ ವಿಚಾರಿಸಿ, ಅದಕ್ಕೆ ಎರಡು ವಾರ ಮೊದಲೇ ಕಾಗದ ಒಳಗಿರಬೇಕು. ಸಭೆ ಮುಗಿದ ಮಾರನೇ ದಿನ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಮಲಗುತ್ತದೆ. ಅನುದಾನಿತ ಖಾಸಗಿ ಕಾಲೇಜಾದರೆ ಆಡಳಿತ ಮಂಡಳಿಯ ಸ್ಥಳೀಯ ಕಾರ್ಯದರ್ಶಿ, ಸ್ವಾಯತ್ತ ಕಾಲೇಜಾದರೆ ಅಲ್ಲಿನ ಹಣಕಾಸು ಸಮಿತಿ. ಹಳೆ ವಿದ್ಯಾರ್ಥಿಗಳ ಸಂಘ ಜೀವಂತವಾಗಿದ್ದರೆ ಅದಕ್ಕಿಂತ ಬೇಗ ಹಣ ಕೊಡುವವರು ಇಲ್ಲ; ಅವರಿಗೆ ಕಡತದ ಕಾಟ ಕಡಿಮೆ.

ಮುಂದಿನ ಮೆಟ್ಟಿಲು ವಿಶ್ವವಿದ್ಯಾಲಯ. ಧಾರವಾಡ, ಗದಗ ಜಿಲ್ಲೆಯ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಆದಮೇಲೆ ಅಲ್ಲಿನ ವಿದ್ಯಾರ್ಥಿಗಳಲ್ಲಿ ಗೊಂದಲವಿದೆ: ನಿಮ್ಮ ಪ್ರವೇಶ ಪತ್ರ ಮತ್ತು ಅಂಕಪಟ್ಟಿಯ ಮೇಲೆ ಯಾವ ವಿವಿಯ ಹೆಸರಿದೆಯೋ ಆ ವಿವಿಯ ಕುಲಸಚಿವರಿಗೇ ಪತ್ರ ಹೋಗಬೇಕು. ತಪ್ಪು ವಿಳಾಸದ ಪತ್ರಕ್ಕೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರವೂ ಬರುವುದಿಲ್ಲ. ಧಾರವಾಡದ ವಿವಿಯಲ್ಲಿ ಡಾ. ಆರ್.ಸಿ. ಹಿರೇಮಠ ಕನ್ನಡ ಅಧ್ಯಯನ ಪೀಠ, ಬಸವೇಶ್ವರ ಪೀಠ ಮುಂತಾದವು ಇವೆ. ಪೀಠದ ಹಣ ಅದರ ಉದ್ದೇಶಕ್ಕೆ ಕಟ್ಟುಬಿದ್ದದ್ದು, ಆದ್ದರಿಂದ ವಚನ, ಶರಣ ಸಾಹಿತ್ಯಕ್ಕೆ ನೇರ ಸಂಬಂಧವಿದ್ದರೆ ಮಾತ್ರ ಬಸವೇಶ್ವರ ಪೀಠದ ಬಾಗಿಲು ತಟ್ಟಿ. ಹಣ ಆಗದು ಎಂದರೂ ಒಂದು ಪರಿಚಯ ಪತ್ರ, ಗ್ರಂಥಾಲಯಕ್ಕೆ ಪ್ರವೇಶ, ಧ್ವನಿಮುದ್ರಣ ಸಲಕರಣೆಯ ಎರವಲು ಕೇಳಿ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಲ್ಲೂ ಕೇಳಬೇಕಾದದ್ದು ಇದನ್ನೇ. ಒಳ್ಳೆಯ ರೆಕಾರ್ಡರ್ ಎಂಟು ದಿನ ಕೈಗೆ ಸಿಕ್ಕರೆ ಅದು ಸಾವಿರಾರು ರೂಪಾಯಿಗೆ ಸಮ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ತಮ್ಮ ಕಾಲೇಜು ಮತ್ತು ವಿವಿಯ ಪ.ಜಾ./ಪ.ಪಂ. ಘಟಕವನ್ನು ತಪ್ಪದೆ ಕಾಣಬೇಕು. 2013ರ ಕಾಯ್ದೆಯ ಪ್ರಕಾರ ವಿಶೇಷ ಘಟಕ ಯೋಜನೆ ಮತ್ತು ಗಿರಿಜನ ಉಪಯೋಜನೆಯ ಹಣ ಆ ಸಮುದಾಯಕ್ಕೇ ಖರ್ಚಾಗಬೇಕು. ಆ ಕ್ರಿಯಾ ಯೋಜನೆಯಲ್ಲಿ ವಿದ್ಯಾರ್ಥಿಗಳ ಅಧ್ಯಯನ, ಪ್ರವಾಸಕ್ಕೆ ಅವಕಾಶವಿದೆಯೇ ಎಂದು ವರ್ಷದ ಆರಂಭದಲ್ಲೇ ಕೇಳಿ. ಯೋಜನೆ ಮಂಜೂರಾದ ಮೇಲೆ ಹೊಸ ಸಾಲು ಸೇರಿಸುವುದು ಕಷ್ಟ.

ಹೊರಗಿನ ದತ್ತಿಗಳನ್ನೂ ಮರೆಯಬೇಡಿ. 1890ರಿಂದ ನಡೆದುಬಂದಿರುವ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಸಂಸ್ಥೆಗಳು ದತ್ತಿಗಳ ಮೇಲೇ ಉಪನ್ಯಾಸ ನಡೆಸುತ್ತವೆ. ಅಲ್ಲಿ ನಗದು ಕೇಳುವ ಬದಲು, ಕೆಲಸ ಮುಗಿದ ಮೇಲೆ ಮಂಡಿಸಲು ಅವಕಾಶ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಗದಗಿನ ತೋಂಟದಾರ್ಯ ಮಠದಂತೆ ಪ್ರಕಟಣೆಯ ಪರಂಪರೆ ಇರುವ ಮಠಗಳಿಗೂ ಇದೇ ಮಾತು.

ಒಂದು ಎಚ್ಚರ: ರಾಜ್ಯ ಸರಕಾರದ ಎಸ್‌ಎಸ್‌ಪಿ ಪೋರ್ಟಲ್ಲಿನ ವಿದ್ಯಾರ್ಥಿವೇತನ ಶುಲ್ಕ ಮತ್ತು ಜೀವನಕ್ಕೆ. ಅದು ಬರುತ್ತಿದೆ ಎಂಬ ಕಾರಣಕ್ಕೆ ಸಂಶೋಧನೆಯ ವೆಚ್ಚ ನಿರಾಕರಿಸಿದರೆ, ಇದು ಖರ್ಚಿನ ಮರುಪಾವತಿ, ಇನ್ನೊಂದು ವಿದ್ಯಾರ್ಥಿವೇತನವಲ್ಲ ಎಂದು ಅರ್ಜಿಯಲ್ಲೇ ಒಂದು ಸಾಲು ಬರೆದಿಡಿ.

ಮಾರ್ಗದರ್ಶಕರು ಮತ್ತು ಪಠ್ಯಕ್ರಮ

2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅದಕ್ಕೆ ಮುಂಚೆ ಸೇರಿದವರಲ್ಲಿ ನಾಲ್ಕನೇ ವರ್ಷ ಆಯ್ದುಕೊಂಡವರಿಗೆ ಯುಜಿಸಿ 2022ರ ಚೌಕಟ್ಟು ಅನ್ವಯ: ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಪಡೆದವರಿಗೆ ಸಂಶೋಧನೆಯೊಂದಿಗೆ ಆನರ್ಸ್, ಅದರಲ್ಲಿ 12 ಕ್ರೆಡಿಟ್ಟಿನ ಪ್ರಾಜೆಕ್ಟ್. ಉಳಿದವರು ತಮ್ಮ ಪಠ್ಯಕ್ರಮದ ಪ್ರತಿ ತೆಗೆದು ಪ್ರಾಜೆಕ್ಟ್, ಕ್ಷೇತ್ರಕಾರ್ಯ, ನಿಯೋಜಿತ ಬರಹ ಇವುಗಳಿಗೆ ಎಲ್ಲಿ ಅಂಕವಿದೆ ಎಂದು ಗುರುತು ಹಾಕಿಕೊಳ್ಳಲಿ. ಅಂಕಕ್ಕೆ ಸೇರುವ ಕೆಲಸಕ್ಕೆ ಹಣ ಕೇಳುವುದು ಸುಲಭ.

ಮಾರ್ಗದರ್ಶಕರ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ವಿಷಯದಲ್ಲಿ ಒಳ್ಳೆಯ ಆಸಕ್ತಿ ಇರುವವರು ಎಷ್ಟೋ ಸಲ ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷದ ಮಟ್ಟಿನದು. ಕಾಲೇಜಿನ ಹಣಕ್ಕೆ ಅವರ ಹೆಸರಿನಲ್ಲಿ ಮುಂಗಡ ಹಾಕಲು ಕಚೇರಿ ಒಪ್ಪುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಮುಖ್ಯ ಮಾರ್ಗದರ್ಶಕರಾಗಿ ಖಾಯಂ ಅಧ್ಯಾಪಕರು ಅಥವಾ ವಿಭಾಗದ ಮುಖ್ಯಸ್ಥರು ಇರಲಿ, ಸಹ ಮಾರ್ಗದರ್ಶಕರೆಂದು ಅತಿಥಿ ಉಪನ್ಯಾಸಕರ ಹೆಸರು ಸ್ಪಷ್ಟವಾಗಿ ಬರಲಿ. ದುಡಿದವರ ಹೆಸರು ವರದಿಯಲ್ಲಿ ಬಿಟ್ಟುಹೋಗುವುದು ಅನ್ಯಾಯ. ಅರ್ಜಿಯಲ್ಲೇ ಬರೆದರೆ ಆಮೇಲೆ ಯಾರೂ ತೆಗೆಯಲಾರರು. ಸರಕಾರಿ ಕಾಲೇಜಿನಲ್ಲಿ ವರ್ಗಾವಣೆಯ ಸಾಧ್ಯತೆಯೂ ಇದೆ, ಅದಕ್ಕೂ ಇಬ್ಬರ ಹೆಸರಿರುವುದು ಒಳ್ಳೆಯದು.

ಖರ್ಚಿನ ಪಟ್ಟಿ

ಬೆಟಗೇರಿಯ ವಿಷಯಕ್ಕೆ ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ಮಾಡಬಹುದಾದ ಪಟ್ಟಿ ಇದು. ದರಗಳನ್ನು ನಿಮ್ಮೂರಿನ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿ ತಿದ್ದಿಕೊಳ್ಳಿ.

ಬಸ್ ಮತ್ತು ಆಟೊ, 8 ಸಲ ಹೋಗಿಬರಲು, ಸಲಕ್ಕೆ 200 ರೂ.: 1,600
ಊಟ, 8 ದಿನ, ದಿನಕ್ಕೆ 120 ರೂ.: 960
ಕಾಲರ್ ಮೈಕ್ ಮತ್ತು 64 ಜಿಬಿ ಮೆಮೊರಿ ಕಾರ್ಡ್: 1,500
ಮಾಹಿತಿ ಕೊಡುವ 6 ನೇಕಾರರಿಗೆ ಗೌರವಧನ, ತಲಾ 500 ರೂ.: 3,000
ಝೆರಾಕ್ಸ್, 400 ಪುಟ, 2 ರೂ.ನಂತೆ: 800
ವರದಿ ಮುದ್ರಣ ಮತ್ತು ಬೈಂಡಿಂಗ್, 4 ಪ್ರತಿ: 1,200
ನೇಕಾರರಿಗೆ ಕೊಡಲು ಪದಪಟ್ಟಿಯ ಕಿರುಹೊತ್ತಿಗೆ, 6 ಪ್ರತಿ: 360
ಇತರೆ: 480
ಒಟ್ಟು: 9,900

ಹೆಚ್ಚು ಪ್ರಶ್ನೆ ಏಳುವುದು ಗೌರವಧನದ ಸಾಲಿನ ಮೇಲೆ. "ಮಾತಾಡೋದಕ್ಕೂ ರೊಕ್ಕ ಯಾಕ್ರಿ?" ಎಂದು ಸಮಿತಿಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ: ನೇಕಾರರು ನಮ್ಮೊಡನೆ ಅರ್ಧ ದಿನ ಕೂತರೆ ಆ ಹೊತ್ತು ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಆ ದಿನದ ದುಡಿಮೆ ಕಡಿಮೆ. ಈ ಸಾಲನ್ನು ಕೊನೆಯವರೆಗೂ ಬಿಟ್ಟುಕೊಡಬೇಡಿ. ಕಡಿಮೆ ಮಾಡಲೇಬೇಕೆಂದರೆ ನಿಮ್ಮ ಊಟ, ಝೆರಾಕ್ಸ್ ಕಡಿಮೆ ಮಾಡಿ.

ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾ ಕೇಳಬೇಡಿ. ಕಾಲೇಜಿನ ಹಣದಲ್ಲಿ ಕೊಂಡ ಬಾಳಿಕೆಯ ವಸ್ತು ದಾಸ್ತಾನು ವಹಿಗೆ ಏರಬೇಕು, ಕಾಲೇಜಿಗೇ ಮರಳಬೇಕು. ಮೈಕ್ ಕೂಡ ವರದಿಯ ಜೊತೆ ವಿಭಾಗಕ್ಕೆ ಒಪ್ಪಿಸುವುದಾಗಿ ಬರೆಯಿರಿ, ಮುಂದಿನ ಬ್ಯಾಚಿಗೆ ಆಗುತ್ತದೆ.

ವಿದ್ಯಾರ್ಥಿನಿಯರ ಪ್ರಯಾಣದ ಲೆಕ್ಕ ಬೇರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್. ಅದಕ್ಕೆ ದರ ತೋರಿಸಿ ಹಣ ಕೇಳಿದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಆದರೆ ಕೊನೆಯ ಆಟೊ, ಸಂಜೆ ತಡವಾದರೆ ಜೊತೆಗೆ ಬರುವ ಅಣ್ಣ ಅಥವಾ ಸಹಪಾಠಿಯ ಟಿಕೆಟ್ ಇವು ನಿಜವಾದ ಖರ್ಚು, ಹಾಗೆಂದೇ ಕಾರಣ ಸಮೇತ ತೋರಿಸಿ. ಬಸ್ಸಿನಲ್ಲಿ ಉಳಿದ ಹಣಕ್ಕೆ ಇನ್ನೆರಡು ಸಲ ಹೋಗಿಬನ್ನಿ; ಹೆಣ್ಣುಮಕ್ಕಳ ತಂಡಗಳಿಗೆ ಕಡಿಮೆ ಮೊತ್ತದಲ್ಲಿ ಹೆಚ್ಚು ಕ್ಷೇತ್ರಕಾರ್ಯ ಮಾಡಲು ಬರುತ್ತದೆ. ಹುಡುಗರ ವಿದ್ಯಾರ್ಥಿ ಪಾಸು ಊರಿಂದ ಕಾಲೇಜಿನ ದಾರಿಗೆ ಮಾತ್ರ, ಕ್ಷೇತ್ರಕ್ಕಲ್ಲ.

ಅರ್ಜಿ

ಎರಡು ಪುಟ, ಮೂರನೆಯದರಲ್ಲಿ ಖರ್ಚಿನ ಪಟ್ಟಿ. ಅದಕ್ಕಿಂತ ಉದ್ದದ್ದನ್ನು ಯಾರೂ ಪೂರ್ತಿ ಓದುವುದಿಲ್ಲ. ಮುಖಪತ್ರ ಹೀಗಿರಲಿ:

"ಇವರಿಗೆ, ಮಾನ್ಯ ಪ್ರಾಂಶುಪಾಲರು. ಮೂಲಕ: ಮುಖ್ಯಸ್ಥರು, ಕನ್ನಡ ವಿಭಾಗ. ಮಾನ್ಯರೇ, ವಿಷಯ: ಕ್ಷೇತ್ರಕಾರ್ಯದ ವೆಚ್ಚ 9,900 ರೂ. ಮಂಜೂರು ಮಾಡಿ, ಅದರಲ್ಲಿ 6,000 ರೂ. ಮುಂಗಡ ನೀಡುವಂತೆ ಕೋರಿ. ನಾನು ಬಿ.ಎ. ಐದನೇ ಸೆಮಿಸ್ಟರಿನ ವಿದ್ಯಾರ್ಥಿ. ಬೆಟಗೇರಿಯ ಆರು ಜನ ಕೈಮಗ್ಗ ನೇಕಾರರಿಂದ ಮಗ್ಗಕ್ಕೆ ಸಂಬಂಧಿಸಿದ ಪದಗಳನ್ನು ಧ್ವನಿಮುದ್ರಿಸಿ, ಅರ್ಥ ಸಹಿತ ಪದಪಟ್ಟಿ ಮತ್ತು 40 ಪುಟಗಳ ವರದಿಯನ್ನು ಫೆಬ್ರವರಿ ಕೊನೆಯೊಳಗೆ ಒಪ್ಪಿಸುತ್ತೇನೆ. ಮೈಕ್ ವಿಭಾಗಕ್ಕೆ ಮರಳಿಸುತ್ತೇನೆ."

ಇಷ್ಟು ಸಾಕು. "ಮೂಲಕ" ಎಂಬ ಸಾಲು ಬಿಟ್ಟರೆ ಪತ್ರ ವಿಭಾಗಕ್ಕೇ ವಾಪಸು ಬರುತ್ತದೆ. ಒಳಗಿನ ಎರಡು ಪುಟದಲ್ಲಿ ಪ್ರಶ್ನೆ, ಈವರೆಗೆ ಯಾರು ಏನು ಬರೆದಿದ್ದಾರೆ ಎಂಬ ಒಂದು ಪ್ಯಾರಾ, ಯಾರನ್ನು ಹೇಗೆ ಮಾತಾಡಿಸುತ್ತೀರಿ, ವಾರದ ಲೆಕ್ಕದ ವೇಳಾಪಟ್ಟಿ, ಕೊನೆಗೆ ಕೈಗೆ ಏನು ಬರುತ್ತದೆ ಎಂಬುದು ಇರಲಿ. "ನಾಡಿನ ಸಂಸ್ಕೃತಿಯ ಉಳಿವಿಗಾಗಿ" ಎಂಬಂಥ ಮಾತಿನಿಂದ ಜಾಗ ತುಂಬಬೇಡಿ. ಒಬ್ಬ ನೇಕಾರರನ್ನಾದರೂ ಮೊದಲೇ ಕಂಡು, ಅವರು ಒಪ್ಪಿದ್ದಾರೆ ಎಂದು ಬರೆದರೆ ಅದರ ತೂಕವೇ ಬೇರೆ.

ಕಚೇರಿಯಲ್ಲಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸಂಖ್ಯೆ, ತಾರೀಖು, ಸೀಲು ಹಾಕಿಸಿಕೊಳ್ಳಿ. ವಾರಕ್ಕೊಮ್ಮೆ ಅದೇ ಸಂಖ್ಯೆ ಹೇಳಿ ಸಂಬಂಧಪಟ್ಟ ಕೇಸ್ ವರ್ಕರನ್ನು ವಿಚಾರಿಸಿ. "ಪ್ರಾಂಶುಪಾಲರ ಹತ್ರ ಹೋಗೇತಿ" ಎಂದರೆ ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಬಾಯಿಮಾತಿನ "ಆಯ್ತು, ಮಾಡು" ಮಂಜೂರಾತಿ ಅಲ್ಲ. ಸಹಿ, ಸಂಖ್ಯೆ ಇರುವ ಆದೇಶ ಕೈಗೆ ಬರುವ ಮುನ್ನ ಮಾಡಿದ ಖರ್ಚು ನಿಮ್ಮದೇ. ಬಿಲ್ಲಿನ ತಾರೀಖು ಆದೇಶದ ತಾರೀಖಿಗಿಂತ ಹಿಂದಿದ್ದರೆ ಯಾವ ಲೆಕ್ಕಿಗರಿಗೂ ಪಾಸು ಮಾಡಲು ಬರುವುದಿಲ್ಲ.

ಮುಂಗಡ, ಬಿಲ್ಲು, ಬ್ಯಾಂಕು

ಬಡ ಮನೆಯ ವಿದ್ಯಾರ್ಥಿಗಳು ಇಲ್ಲೇ ಕೈಬಿಡುತ್ತಾರೆ. ಕಚೇರಿಗೆ ಸಲೀಸಾದ ದಾರಿ ಮರುಪಾವತಿ: ನೀವು ಖರ್ಚು ಮಾಡಿ, ಬಿಲ್ ಕೊಡಿ, ಮೂರು ತಿಂಗಳಿಗೆ ಹಣ. ಕೈಯಲ್ಲಿ ಮೂರು ಸಾವಿರ ಇಲ್ಲದವರಿಗೆ ಇದು ಇಲ್ಲ ಎಂದ ಹಾಗೆಯೇ. ಆದ್ದರಿಂದ ಅರ್ಜಿಯ ವಿಷಯದ ಸಾಲಿನಲ್ಲೇ ಶೇ. 60ರಷ್ಟು ಮುಂಗಡ ಕೇಳಬೇಕು. ಮುಂಗಡ ಸಾಮಾನ್ಯವಾಗಿ ಅಧ್ಯಾಪಕರ ಹೆಸರಿನಲ್ಲಿ ಬರುತ್ತದೆ, ಲೆಕ್ಕ ಒಪ್ಪಿಸುವ ಹೊಣೆಯೂ ಅವರದೇ. ನೀವು ಬಿಲ್ ಕೊಡದಿದ್ದರೆ ಆ ಹಣ ಅವರಿಂದ ವಸೂಲಾಗಬಹುದು. ಮಾರ್ಗದರ್ಶಕರು ಹಿಂದೆ ಸರಿಯುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ, ಈ ಹೊಣೆಯಿಂದ. ಅವರಿಗೆ ಧೈರ್ಯ ಬರುವಂತೆ ಮಾಡುವುದು ನಿಮ್ಮ ಕೈಲಿದೆ: ಮುಂಗಡವನ್ನು ಎರಡು ಕಂತಾಗಿ ತೆಗೆದುಕೊಳ್ಳಿ, ಮೊದಲ ಕಂತಿನ ಬಿಲ್ಲುಗಳನ್ನು ಒಪ್ಪಿಸದೆ ಎರಡನೆಯದನ್ನು ಮುಟ್ಟಬೇಡಿ, ಪ್ರತಿ ಶನಿವಾರ ಖರ್ಚಿನ ವಹಿಗೆ ಅವರ ಸಹಿ ಪಡೆಯಿರಿ.

ಬಿಲ್ಲಿನ ವಿಷಯದಲ್ಲಿ ಸಣ್ಣ ತಪ್ಪುಗಳೇ ಹಣ ತಿನ್ನುತ್ತವೆ. ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ ಅಲ್ಲ. ಅಂಗಡಿಯ ಹೆಸರು, ಸಂಖ್ಯೆ, ತಾರೀಖು ಇರುವ ರಸೀದಿ ಬೇಕು, ಸ್ಕ್ರೀನ್‌ಶಾಟ್ ಅದರ ಜೊತೆ. ಬಿಲ್ ಆದೇಶದಲ್ಲಿ ಹೇಳಿದ ಹೆಸರಿನಲ್ಲೇ ಇರಲಿ. ಬಸ್ ಟಿಕೆಟ್ ಯಂತ್ರದ ಕಾಗದ ಬಿಸಿಲಿಗೆ, ಬೆವರಿಗೆ ಕೆಲವೇ ವಾರಗಳಲ್ಲಿ ಬೆಳ್ಳಗಾಗುತ್ತದೆ, ಅಂಕಿ ಕಾಣುವುದಿಲ್ಲ. ಊರಿಗೆ ಮರಳಿದ ದಿನವೇ ಎಲ್ಲ ಟಿಕೆಟ್ ಒಂದು ಹಾಳೆಗೆ ಅಂಟಿಸಿ ಝೆರಾಕ್ಸ್ ಮಾಡಿ, ಪಕ್ಕದಲ್ಲಿ ಎಲ್ಲಿಂದ ಎಲ್ಲಿಗೆ, ಯಾಕೆ ಎಂದು ಬರೆಯಿರಿ. ಗೌರವಧನಕ್ಕೆ ಒಬ್ಬೊಬ್ಬರಿಗೆ ಒಂದು ರಸೀದಿ: ಹೆಸರು, ಊರು, ಮೊತ್ತ ಅಂಕಿ ಮತ್ತು ಅಕ್ಷರದಲ್ಲಿ, ತಾರೀಖು, ಸಹಿ, ಹೆಬ್ಬೆಟ್ಟಾದರೆ ಸಾಕ್ಷಿಯೊಬ್ಬರ ಸಹಿ. 5,000 ರೂ. ಮೀರಿದ ರಸೀದಿಗೆ ಮಾತ್ರ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. 500ರದಕ್ಕೆ ಬೇಡ, ಯಾರಾದರೂ ಕೇಳಿದರೆ ಅಂಟಿಸಿಬಿಡಿ, ವಾದ ಬೇಡ.

ನಿಮ್ಮ ಬ್ಯಾಂಕ್ ಖಾತೆಯನ್ನು ಅರ್ಜಿಗೂ ಮೊದಲೇ ನೋಡಿಕೊಳ್ಳಿ. ಹೈಸ್ಕೂಲಿನಲ್ಲಿ ತೆರೆದ ಅಪ್ರಾಪ್ತರ ಖಾತೆಗೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಡದಿದ್ದರೆ ವ್ಯವಹಾರ ನಿಂತಿರುತ್ತದೆ, ಕಾಲೇಜು ಹಾಕಿದ ಹಣ ಮರಳಿ ಹೋಗುತ್ತದೆ.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಖರ್ಚಾಗದ ಹಣ ರದ್ದಾಗಬಹುದು. ಮಾರ್ಚಿನ ಎರಡನೇ ಪಕ್ಷದಲ್ಲಿ ಕಚೇರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಎಲ್ಲ ಬಿಲ್ ಫೆಬ್ರವರಿ ಕೊನೆಗೆ ಒಳಗಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕ್ಷೇತ್ರಕಾರ್ಯ ನವೆಂಬರಿನಿಂದ ಜನವರಿ, ಮಂಜೂರಾತಿ ಅಕ್ಟೋಬರ್, ಅರ್ಜಿ ಸೆಪ್ಟೆಂಬರ್ ಮೊದಲ ವಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಊರಿನ ಜಾತ್ರೆ ಮುಂತಾದ ವಿಷಯಗಳಿಗೆ ಕಾಲ ನಿಮ್ಮ ಕೈಲಿಲ್ಲ: ಮೆಣಸಿನಕಾಯಿಯ ಭರಾಟೆ ಜನವರಿಯಿಂದ ಮಾರ್ಚ್. ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹಬ್ಬದ ತಾರೀಖು ನೋಡದೆ ರಿವಾಯತ ಪದದ ವೇಳಾಪಟ್ಟಿ ಹಾಕಬೇಡಿ.

ಕ್ಷೇತ್ರದಲ್ಲಿ

ಧ್ವನಿಯನ್ನು 48 ಕಿಲೋಹರ್ಟ್ಸ್, 16 ಬಿಟ್ ವೇವ್ ಕಡತವಾಗಿ ಉಳಿಸಿ. ಮೊನೊ ಆದರೆ ಗಂಟೆಗೆ ಸುಮಾರು 350 ಎಂಬಿ. 64 ಜಿಬಿ ಕಾರ್ಡ್ ಧಾರಾಳ ಸಾಕು. ಓಡುವ ಮಗ್ಗದ ಪಕ್ಕದಲ್ಲಿ ಮಾತು ರೆಕಾರ್ಡ್ ಮಾಡಿದರೆ ಲಾಳಿಯ ಸದ್ದಿನಲ್ಲಿ ಪದದ ಕೊನೆಯ ಅಕ್ಷರ ಮುಳುಗುತ್ತದೆ. ಮೊದಲು ಮಗ್ಗ ನಿಲ್ಲಿಸಿ, ಒಂದೊಂದೇ ಭಾಗ ಮುಟ್ಟಿ ತೋರಿಸಿ ಹೆಸರು ಹೇಳಿಸಿ, ಅದರ ಫೋಟೊ ತೆಗೆಯಿರಿ. ಆಮೇಲೆ ಮಗ್ಗ ಓಡುವಾಗ ಬೇರೆಯಾಗಿ ದೃಶ್ಯ ತೆಗೆಯಿರಿ. ಕಡತದ ಹೆಸರಲ್ಲೇ ತಾರೀಖು, ಊರು, ಕ್ರಮಸಂಖ್ಯೆ ಇರಲಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರರಿಂದ ಎಂಟು ಗಂಟೆ ಬೇಕು. ಇದನ್ನು ವೇಳಾಪಟ್ಟಿಯಲ್ಲಿ ಬಿಡುವುದರಿಂದಲೇ ಹೆಚ್ಚಿನ ವರದಿಗಳು ಫೆಬ್ರವರಿ ದಾಟುತ್ತವೆ.

ಒಪ್ಪಿಗೆಯನ್ನು ಕನ್ನಡದಲ್ಲಿ ಓದಿ ಹೇಳಿ, ರೆಕಾರ್ಡಿನ ಮೊದಲ ನಿಮಿಷದಲ್ಲೇ ಅವರ ಬಾಯಲ್ಲಿ ಹೇಳಿಸಿ: ಯಾರು, ಯಾತಕ್ಕೆ, ಎಲ್ಲಿ ಇಡುತ್ತೇವೆ, ಹೆಸರು ಹಾಕಬಹುದೇ, ಯೂಟ್ಯೂಬಿಗೆ ಏರಿಸಬಹುದೇ. ಕೊನೆಯ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರಬಹುದು, ಎರಡನ್ನೂ ಗೌರವಿಸಿ. ಹಾಡು ಮೇಳದ್ದಾದರೆ ಒಬ್ಬರ ಒಪ್ಪಿಗೆ ಸಾಲದು. ಲಕ್ಕುಂಡಿಯಂಥ ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಹೂಡಬೇಕಾದರೆ ಇಲಾಖೆಯ ಧಾರವಾಡ ವೃತ್ತ ಕಚೇರಿಯ ಅನುಮತಿ ಮೊದಲೇ ಬೇಕು.

ವರದಿ ಮತ್ತು ಕೊನೆಯ ಕಂತು

ಉಳಿದ 3,900 ರೂ. ಬರುವುದು ಮೂರು ಕಾಗದ ಒಟ್ಟಿಗೆ ಒಳಗೆ ಹೋದಾಗ: ವರದಿ, ಬಿಲ್ಲುಗಳ ಕಟ್ಟು, ಹಣ ಬಳಕೆ ಪ್ರಮಾಣಪತ್ರ. ಕಚೇರಿಯ ಮಾತಲ್ಲಿ ಯು.ಸಿ. ಎನ್ನುವ ಈ ಪ್ರಮಾಣಪತ್ರದಲ್ಲಿ ಮಂಜೂರಾದ ಮೊತ್ತ, ಖರ್ಚಾದದ್ದು, ಉಳಿದದ್ದು ಸಾಲುಸಾಲಾಗಿ ಅರ್ಜಿಯ ಪಟ್ಟಿಯ ಕ್ರಮದಲ್ಲೇ ಇರಲಿ. ಒಂದು ಸಾಲಿನಲ್ಲಿ ಉಳಿಸಿ ಇನ್ನೊಂದರಲ್ಲಿ ಹೆಚ್ಚು ಮಾಡಿದ್ದರೆ, ಖರ್ಚಿಗೆ ಮೊದಲೇ ಮಾರ್ಗದರ್ಶಕರ ಮೂಲಕ ಪಡೆದ ಒಪ್ಪಿಗೆಯ ಪತ್ರ ಲಗತ್ತಿಸಿ. ಆಮೇಲೆ ಬರೆದ ಸಮಜಾಯಿಷಿಗೆ ಬೆಲೆ ಕಡಿಮೆ.

ವರದಿಯಲ್ಲಿ ಪರಿಚಯದ ಪುಟಗಳು ಐದು ಮೀರದಿರಲಿ, ಪದಪಟ್ಟಿಗೆ ಜಾಗ ಬಿಡಿ. ಬೇರೆಯವರ ಬರಹದ ಸಾಲು ತೆಗೆದುಕೊಂಡ ಕಡೆ ಹೆಸರು ಹೇಳಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ ಹಂತಹಂತವಾಗಿ ಕ್ರಮವಿದೆ. ಕನ್ನಡ ಬರಹವನ್ನು ಸಾಫ್ಟ್‌ವೇರ್ ಹಿಡಿಯುವುದಿಲ್ಲ ಎಂದು ಧೈರ್ಯ ಮಾಡುವವರಿದ್ದಾರೆ. ಧಾರವಾಡದಲ್ಲಿ ಹಳೆ ಪುಸ್ತಕ ಬಾಯಿಪಾಠ ಇರುವ ಮೇಷ್ಟ್ರುಗಳಿಗೆ ಬರವಿಲ್ಲ.

ನಾಲ್ಕು ಪ್ರತಿಗಳಲ್ಲಿ ಒಂದು ಪ್ರಾಂಶುಪಾಲರಿಗೆ, ಒಂದು ವಿಭಾಗಕ್ಕೆ, ಒಂದು ಗ್ರಂಥಾಲಯಕ್ಕೆ ಪರಿಗ್ರಹಣ ಸಂಖ್ಯೆ ಹಾಕಿಸಿ, ಒಂದು ನಿಮಗೆ. ಆರು ಕಿರುಹೊತ್ತಿಗೆಗಳನ್ನು ಬೆಟಗೇರಿಗೆ ನೀವೇ ಹೋಗಿ ಕೊಟ್ಟುಬನ್ನಿ, ತಪ್ಪಾಗಿ ಬರೆದ ಪದವಿದ್ದರೆ ಅವರ ಮುಂದೆಯೇ ತಿದ್ದಿಕೊಳ್ಳಿ. ಆ ತಿದ್ದುಪಡಿಯ ಹಾಳೆ, ಧ್ವನಿ ಕಡತಗಳ ಪೆನ್‌ಡ್ರೈವ್ ಮತ್ತು ಮೈಕನ್ನು ವಿಭಾಗಕ್ಕೆ ಒಪ್ಪಿಸಿ ಸ್ವೀಕೃತಿ ಪಡೆದು, ಅದರ ಝೆರಾಕ್ಸನ್ನು ಬಿಲ್ಲಿನ ಕಟ್ಟಿನ ಕೊನೆಯ ಹಾಳೆಯಾಗಿ ಸೇರಿಸಿ ಕಚೇರಿಗೆ ಕೊಡಿ.